ಭುಜಂಗನ ದವಡೆಯ ಕಪ್ಪು ಗೆರೆ

"ನಿಲ್ಲಲೇ! ಸಿಕ್ಕಿದ್ರ ಬತ್ತೀಸಿ ಹಲ್ಲೂ ಉದುರಸ್ತೀನಿ!"

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ನಾನು ಓಡುತ್ತಿದ್ದೆ. ಹಿಂದೆ ಭುಜಂಗ. ಟೆಂಪೋ ಯೂನಿಯನ್ನಿನ ಲೀಡರ್. ತಾಲೀಮಿನಲ್ಲಿ ಬೆಳೆಸಿದ ಮೈ.

ನನ್ನ ಜೇಬಿನಲ್ಲಿ ಅವನ ಹಲ್ಲಿನ ಎಕ್ಸ್‌ರೇ... ಅವನ ಆಫೀಸಿನ ಮೇಜಿನಿಂದ ಆಗಷ್ಟೇ ಎಗರಿಸಿದ್ದು!

ನಾನು ಯಾರು ಅಂದಿರಾ? ಮುಂಡಪ್ಪ. ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಪ್ರೈವೇಟ್ ಡಿಟೆಕ್ಟಿವ್. ಹೆಚ್ಚಾಗಿ ಮದುವೆ ಗಂಡುಗಳ ಚರಿತ್ರೆ ಕೆದಕುವವನು.

ಈ ಸಲದ ಕೇಸು ಡಾಕ್ಟರ್ ಶರ್ಮಿಳಾ ಅವರದು. ಠಾಣೆಯಲ್ಲಿ ಹಲ್ಲಿನ ಕ್ಲಿನಿಕ್. ನಮ್ಮ ಉಡುಪಿ ಕಡೆಯವರು. ಭುಜಂಗನ ದವಡೆ ಹಲ್ಲಿಗೆ ಫಿಲ್ಲಿಂಗ್ ಹಾಕಿದ್ದರು. ಆಮೇಲೆ ಪಕ್ಕದ ಕಲ್ಯಾಣ್ ಊರಿನ ಇನ್ನೊಬ್ಬ ಡಾಕ್ಟರ್ ಎಕ್ಸ್‌ರೇ ತೆಗೆದ. ಫಿಲ್ಲಿಂಗಿನ ಕೆಳಗೊಂದು ಕಪ್ಪು ಗೆರೆ ತೋರಿಸಿದ. "ಹುಳುಕು ಒಳಗೇ ಬಿಟ್ಟಿದ್ದಾರೆ" ಅಂದ.

ಅಷ್ಟೇ! ಸಂಜೆಗೆ ಕ್ಲಿನಿಕ್ ಪುಡಿ ಮಾಡುತ್ತೇನೆಂದು ಭುಜಂಗನ ಫೋನು. ಎಕ್ಸ್‌ರೇ ತೋರಿಸಿ ಅಂದರೆ ಮಾತ್ರ ಒಲ್ಲೆ!

"ಆ ಫಿಲ್ಮ್ ಒಮ್ಮೆ ನೋಡಿದ್ರೆ ಸಾಕಿತ್ತು ಮುಂಡಪ್ಪಣ್ಣ," ಅಂದಿದ್ದರು ಶರ್ಮಿಳಾ.

ಅದಕ್ಕೇ ಈ ಓಟ.

ಠಾಣೆ ಕಡೆಯ ಫಾಸ್ಟ್ ಲೋಕಲ್ ರೈಲು ಹೊರಡುತ್ತಿತ್ತು. ಹಾರಿದೆ. ಅವನೂ ಹಾರಿದ!

ಬೆಳಗಿನ ಗರ್ದಿ ನಮ್ಮಿಬ್ಬರನ್ನೂ ಎದೆಗೆ ಎದೆ ಹಚ್ಚಿ ನಿಲ್ಲಿಸಿತು. ಅವನ ಮೀಸೆ ನನ್ನ ಹಣೆಗೆ ಚುಚ್ಚುತ್ತಿತ್ತು.

"ಕೊಲ್ತೀನಿ ನಿನ್ನ!"

"ಕೊಲ್ಲಿ ಮಾರ್ರೆ... ಮೊದಲು ಕೈ ಎತ್ತಿ ನೋಡುವಾ."

ಎತ್ತಲು ಜಾಗವೇ ಇರಲಿಲ್ಲ!

"ಹಲ್ಲು ನೋಯ್ತಿದೆಯಾ?" ಕೇಳಿದೆ.

ಅವನು ಯೋಚಿಸಿದ. "ಇಲ್ಲ... ಆದ್ರ ಆ ಕರಿ ಗೆರಿ ಕಣ್ಣಾಗ ಕುಂತೈತಿ. ನಿದ್ದಿ ಇಲ್ಲ."

ಕೊಲೆಗಾರನ ದನಿಯಲ್ಲ ಅದು. ಹೆದರಿದವನ ದನಿ.

"ಹಾಗಾದ್ರೆ ಬನ್ನಿ. ಅವರ ಮುಂದೆಯೇ ಕೇಳುವಾ."

ಠಾಣೆಯಲ್ಲಿ ಜನ ನಮ್ಮನ್ನು ಒಟ್ಟಿಗೇ ಹೊರಗೆ ಉಗುಳಿದರು. ನನ್ನ ಕಾಲರ್ ಅವನ ಮುಷ್ಟಿಯಲ್ಲಿ. ಹಾಗೆಯೇ ಕ್ಲಿನಿಕ್ ಹೊಕ್ಕೆವು.

ಶರ್ಮಿಳಾ ಫಿಲ್ಮನ್ನು ಬೆಳಕಿಗೆ ಹಿಡಿದರು. ಗಟ್ಟಿ ದನಿಯಲ್ಲಿ ಹೇಳಿದರು.

"ಇದು ಅಂಟು."

"ಯಾವ ಅಂಟ್ರೀ?"

"ಹಲ್ಲಿಗೂ ಫಿಲ್ಲಿಂಗಿಗೂ ನಡುವೆ ಹಚ್ಚುವ ಅಂಟು. ನೋಡಿ."

ಡಬ್ಬಿಯಿಂದ ಹಿಂದೆಂದೋ ಕಿತ್ತ ಹಲ್ಲೊಂದನ್ನು ತೆಗೆದರು. ಅದರ ಬದಿಗೆ ಅದೇ ಅಂಟಿನ ದಪ್ಪ ಹನಿ. ನೀಲಿ ಲೈಟ್ ಬಿಟ್ಟರು. ಹನಿ ಗಾಜಿನಂತೆ ಗಟ್ಟಿಯಾಯಿತು. ಎಕ್ಸ್‌ರೇ ತೆಗೆದು ಫಿಲ್ಮ್ ತೊಳೆದರು. ಭುಜಂಗ ಉಗುರು ಕಚ್ಚುತ್ತ ಕಾದ.

ಫಿಲ್ಮಿನಲ್ಲಿ ಹಲ್ಲು ಬೆಳ್ಳಗೆ. ಹನಿ ಇದ್ದ ಕಡೆ... ಬರೀ ಕಪ್ಪು!

"ಎಲ್ಲಿ ಹೋತು?"

"ಅಲ್ಲೇ ಉಂಟು. ಎಕ್ಸ್‌ರೇ ಇದರೊಳಗೆ ಸೀದಾ ಹಾದು ಹೋಗ್ತದೆ. ಬೆಳ್ಳಗೆ ಕಾಣುವ ಅಂಟುಗಳೂ ಇವೆ, ಇದು ಕಾಣುವುದಿಲ್ಲ. ನಿಮ್ಮ ಹಲ್ಲಿನ ಮೂಲೆಯಲ್ಲಿ ಸ್ವಲ್ಪ ದಪ್ಪ ನಿಂತಿದೆ."

"ಹುಳುಕಲ್ಲ ಅಂತ ಏನ್ ಗ್ಯಾರಂಟಿ?"

ಒಳ್ಳೆಯ ಪ್ರಶ್ನೆ! ನಾನೂ ಫಿಲ್ಮಿನತ್ತ ಬಗ್ಗಿದೆ.

"ಅಂಚು ಗೆರೆ ಎಳೆದ ಹಾಗೆ ಚೊಕ್ಕ ಉಂಟು. ಹುಳುಕಿನದು ಮಸುಕು. ಡೌಟ್ ಇದ್ರೆ ಎರಡು ದಾರಿ. ಕಾಯುವಾ, ಹುಳುಕಾದ್ರೆ ಬೆಳೀತದೆ, ಅಂಟು ಬೆಳೆಯುವುದಿಲ್ಲ. ಇಲ್ಲಾ, ಈಗಲೇ ಇಂಜೆಕ್ಷನ್ ಕೊಟ್ಟು ತೆಗೆದು ನೋಡುವಾ. ಒಳಗೆ ಹುಳುಕಿದ್ರೆ ಈ ಕ್ಲಿನಿಕ್ಕಿನ ಶಟರ್ ನಾನೇ ಎಳೀತೇನೆ."

"ತೆಗೀರಿ!" ಭುಜಂಗ ಕುರ್ಚಿಗೆ ಹಾರಿ ಕುಳಿತ.

ಶರ್ಮಿಳಾ ಸಿರಿಂಜ್ ಎತ್ತಿದರು. ಭುಜಂಗ ಅದನ್ನು ನೋಡಿದ. ಅದೂ ಅವನನ್ನು ನೋಡಿತು.

"ಕಾಯೂಣಂತ್ರೀ..."

ನಾನು ಗೋಡೆಗೆ ತಿರುಗಿ ನಕ್ಕೆ.

ಆರು ತಿಂಗಳ ಮೇಲೆ ಭುಜಂಗ ತಾನಾಗಿ ಕ್ಲಿನಿಕ್ಕಿಗೆ ಬಂದ, ನನ್ನನ್ನೂ ಕರೆದುಕೊಂಡು, ಪೇಡೆ ಸಮೇತ. ಹೊಸ ಎಕ್ಸ್‌ರೇಯಲ್ಲಿ ಅದೇ ಗೆರೆ. ಕೂದಲೆಳೆಯಷ್ಟೂ ಬೆಳೆದಿರಲಿಲ್ಲ! ಅವನು ಶರ್ಮಿಳಾ ಅವರಿಗೆ ಕೈಮುಗಿದ. ಆಮೇಲೆ ನನ್ನತ್ತ ತಿರುಗಿದ.

"ಇವಂದೂ ಒಂದು ಎಕ್ಸ್‌ರೇ ತೆಗೀರಿ ಮೇಡಂ."

ತೆಗೆದರು. ನನ್ನ ಹಲ್ಲಿನಲ್ಲೂ ಕಪ್ಪು!

"ಅಂಟು ಡಾಕ್ಟ್ರೇ! ಅಂಟೇ ಅದು!"

"ನಿಮಗೆ ಯಾರೂ ಫಿಲ್ಲಿಂಗೇ ಹಾಕಿಲ್ಲ, ಮುಂಡಪ್ಪಣ್ಣ. ಇದು ಬುಡದವರೆಗೂ ಹುಳುಕು. ಉಳಿಯುವುದಿಲ್ಲ, ಈಗಲೇ ಕೀಳಬೇಕು."

ಭುಜಂಗ ಪ್ರೀತಿಯಿಂದ ನನ್ನ ಎರಡೂ ತೋಳು ಅಮುಕಿ ಹಿಡಿದ.

ಕೇಸು ಗೆದ್ದ ದಿನವೇ ಹಲ್ಲು ಕಳೆದುಕೊಂಡ ಡಿಟೆಕ್ಟಿವ್ ಇಡೀ ಠಾಣೆಯಲ್ಲಿ ನಾನೊಬ್ಬನೇ!