ಕಾರ್ಗಣ್ಣಿಗೆ ವೇಷ ಕಟ್ಟಿದವಳು

ಬಹಳ ಬಹಳ ಹಿಂದೆ, ಬೆಟ್ಟಗಳು ಒಂದರೊಡನೊಂದು ಮಾತಾಡುತ್ತಿದ್ದ ಕಾಲದಲ್ಲಿ, ಮಿಣುಗುದುರ್ಗ ಎಂಬ ರಾಜ್ಯವಿತ್ತು. ಅದರ ಪೇಟೆಬೀದಿಯಲ್ಲಿ ಸೂಜಿಮಲ್ಲಿ ಎಂಬ ಹೆಂಗಸು ಒಂದು ವೇಷದ ಮನೆ ನಡೆಸುತ್ತಿದ್ದಳು.

ಸೂಜಿಮಲ್ಲಿಯ ಅಪ್ಪ ಆಟದ ಮೇಳದಲ್ಲಿ ವೇಷ ಕಟ್ಟುವವನು. ಒಂದು ಸಲ ಆಕಾಶದಲ್ಲಿ ಹೋಗುತ್ತಿದ್ದ ಗಂಧರ್ವನೊಬ್ಬನ ಉತ್ತರೀಯ ಆಲದ ಕೊಂಬೆಗೆ ಸಿಕ್ಕಿ ಹರಿಯಿತು. ಅಪ್ಪ ಅದನ್ನು ಹೊಲಿದದ್ದೇ ಕಾಣದಂತೆ ಹೊಲಿದುಕೊಟ್ಟ. ಗಂಧರ್ವ ಮೆಚ್ಚಿ ಅವನಿಗೊಂದು ಬಿಂಬದ ಪೆಟ್ಟಿಗೆ ಕೊಟ್ಟುಹೋದ. ಪೆಟ್ಟಿಗೆಯ ಮುಂದೆ ಒಂದು ಹರಳಿನ ಕಣ್ಣು, ಹಿಂದೆ ಒಂದು ಬೆಳ್ಳಿ ತಗಡು. ಅದರ ಎದುರಿಗೆ ಒಂದು ಹಾಡು ಮುಗಿಯುವವರೆಗೆ ಅಲ್ಲಾಡದೆ ಕೂತರೆ, ಕೂತವರ ಬಿಂಬ ತಗಡಿನ ಮೇಲೆ ಬಂದು ಅಲ್ಲೇ ನಿಲ್ಲುತ್ತಿತ್ತು. ಅಪ್ಪ ಹೋದ ಮೇಲೆ ಪೆಟ್ಟಿಗೆಯೂ ವೇಷದ ಸಂದೂಕವೂ ಮಗಳ ಪಾಲಿಗೆ ಬಂದವು.

ಊರಿನವರಿಗೆಲ್ಲ ಸೂಜಿಮಲ್ಲಿಯ ಮನೆಯೆಂದರೆ ಪ್ರಾಣ. ಗಾಣದ ಸಿದ್ದವ್ವ ಎಣ್ಣೆಗೈ ತೊಳೆದು ಬಂದು ಏಳು ಕಡಲಾಚೆಯ ರಾಜಕುಮಾರಿಯಾಗಿ ಕೂರುತ್ತಿದ್ದಳು. ಇರುವೆಗೂ ದಾರಿ ಬಿಟ್ಟು ನಡೆಯುವ ಮಠದ ಅಯ್ಯನವರು ಕೋರೆಹಲ್ಲಿನ ರಕ್ಕಸನಾಗುತ್ತಿದ್ದರು. ಒಂದು ಮನೆಯ ಅತ್ತೆ ಸೊಸೆ ಜೊತೆಯಾಗಿಯೇ ಬರುತ್ತಿದ್ದರು. ಅತ್ತೆಗೆ ಕಾಡಿಗೆ ಅಟ್ಟಿಸಿಕೊಂಡ ಬಡ ಹುಡುಗಿಯ ವೇಷ ಬೇಕು, ಸೊಸೆಗೆ ಅವಳನ್ನು ಕಾಡಿಗೆ ಅಟ್ಟಿದ ಮಲತಾಯಿಯ ವೇಷ ಬೇಕು. ಬಿಂಬ ನೋಡಿಕೊಂಡು ಇಬ್ಬರೂ ಹೊಟ್ಟೆ ಹಿಡಿದು ನಗುತ್ತ ಮನೆಗೆ ಹೋಗುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವಳು ದೊರೆ ಮಲ್ಲಭೂಪನ ಒಬ್ಬಳೇ ಮಗಳು ಕನಕಲತೆ. ತಾಯಿಯಿಲ್ಲದ ಹುಡುಗಿ. ಅರಮನೆಯಲ್ಲಿ ದಿನವೂ ರಾಜಕುಮಾರಿಯ ವೇಷವೇ ಇದೆ, ನನಗೆ ಬೇರೆ ಏನಾದರೂ ಹಾಕು ಮಲ್ಲಕ್ಕ ಎಂದು ಗಂಟುಬೀಳುತ್ತಿದ್ದಳು. ಸೂಜಿಮಲ್ಲಿ ಅವಳನ್ನು ಗೂಬೆಯ ಮಾಟಗಾತಿ ಮಾಡಿದ್ದಳು, ಸರ್ಪಗಳ ರಾಣಿ ಮಾಡಿದ್ದಳು. ಮಕ್ಕಳಿಲ್ಲದ ಅವಳ ಮನೆಗೆ ಆ ಹುಡುಗಿ ಬಂದಳೆಂದರೆ ಹಬ್ಬ ಬಂದ ಹಾಗೆ.

ಹೀಗಿರುವಾಗ ಒಂದು ಬೆಳಿಗ್ಗೆ ಕನಕಲತೆ ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಅವಳಿರಲಿಲ್ಲ. ಹಿಂದಿನ ಮಂಚ ಕಾಣುತ್ತಿತ್ತು, ಕಿಟಕಿ ಕಾಣುತ್ತಿತ್ತು, ಅವಳ ಬಿಂಬ ಮಾತ್ರ ಇಲ್ಲ. ಯಾರೋ ಅದನ್ನು ಒಣಹಾಕಿದ ಸೀರೆ ಎಳೆದುಕೊಂಡ ಹಾಗೆ ಎಳೆದುಕೊಂಡು ಹೋಗಿದ್ದರು.

ಬಿಂಬ ಹೋದ ಮೇಲೆ ಹುಡುಗಿ ತನ್ನನ್ನು ತಾನೇ ಮರೆಯತೊಡಗಿದಳು. ಮೊದಲು ನಗುವುದನ್ನು ಮರೆತಳು. ಆಮೇಲೆ ಹೆಸರು ಮರೆತಳು. ಆಸ್ಥಾನದ ಜೋಯಿಸರು ಕವಡೆ ಹಾಕಿ ನೋಡಿ ಹೇಳಿದರು: "ಇದು ಕಲ್ಲುಗುಡ್ಡದ ಮಾಯಾವಿ ಕಾರ್ಗಣ್ಣಿಯ ಕೆಲಸ. ಬಿಂಬ ತಂದರೆ ಹುಡುಗಿ ಉಳಿದಾಳು. ಆದರೆ ಕಾರ್ಗಣ್ಣಿಯ ಮುಖ ನೋಡಿದವರು ಕಲ್ಲಾಗುತ್ತಾರೆ."

ದೊರೆ ದಂಡು ಕಳಿಸಿದ. ಹೋದ ದಂಡು ಬರಲಿಲ್ಲ. ಮತ್ತೊಂದು ಕಳಿಸಿದ. ಅದೂ ಬರಲಿಲ್ಲ.

ಸೂಜಿಮಲ್ಲಿ ಹುಡುಗಿಗೆ ಇಷ್ಟವೆಂದು ಎಳ್ಳುಂಡೆ ಕಟ್ಟಿಕೊಂಡು ಅರಮನೆಗೆ ಹೋದಳು. ಕನಕಲತೆ ಎಳ್ಳುಂಡೆಯನ್ನು ನೋಡಿದಳು, ಅವಳನ್ನು ನೋಡಿದಳು. "ನೀವು ಯಾರು?" ಎಂದು ಕೇಳಿದಳು.

ಸೂಜಿಮಲ್ಲಿ ಎಳ್ಳುಂಡೆಯನ್ನು ಅವಳ ಪಕ್ಕದಲ್ಲಿಟ್ಟು ಮನೆಗೆ ಬಂದಳು. ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿದಳು, ಬಣ್ಣದ ಚೀಲವನ್ನೂ ವೇಷದ ಗಂಟನ್ನೂ ತಲೆಯ ಮೇಲಿಟ್ಟುಕೊಂಡಳು, ಕಲ್ಲುಗುಡ್ಡದ ದಾರಿ ಹಿಡಿದಳು. ಅವಳಿಗೆ ಕತ್ತಿ ಹಿಡಿಯಲು ಬರುತ್ತಿರಲಿಲ್ಲ. ಬರುತ್ತಿದ್ದ ವಿದ್ಯೆ ಒಂದೇ.

ಹೋಗ್ತಾ ಹೋಗ್ತಾ ಒಂದು ಹೊಳೆ ಅಡ್ಡ ಬಂತು. ಹೊಳೆ ದಾಟುವ ಕಡವಿನಲ್ಲಿ ಬಂಡೆವ್ವ ಎಂಬ ರಕ್ಕಸಿ ಕಾಲು ಚಾಚಿ ಕೂತಿದ್ದಳು. ಅವಳ ಒಂದೊಂದು ಹಲ್ಲು ಒಂದೊಂದು ಒನಕೆಯಷ್ಟಿತ್ತು.

"ನಿಲ್ಲು. ನಿನ್ನನ್ನು ತಿಂತೀನಿ," ಅಂದಳು ಬಂಡೆವ್ವ. ಹಾಗೆ ಹೇಳಿ ಆಕಳಿಸಿದಳು.

"ತಿನ್ನು ಅವ್ವಾ. ಆದರೆ ಮೊದಲು ಹೇಳು, ನಿನಗೆ ಯಾವ ವೇಷ ಇಷ್ಟ?"

ಹುಟ್ಟಿದಂದಿನಿಂದ ರಕ್ಕಸಿಯನ್ನು ಯಾರೂ ನಿನಗೇನಿಷ್ಟ ಎಂದು ಕೇಳಿರಲಿಲ್ಲ. ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ ನಾಚಿಕೊಂಡು, ದನಿ ತಗ್ಗಿಸಿ ಹೇಳಿದಳು: "ಮದುಮಗಳು."

ಸೂಜಿಮಲ್ಲಿ ಗಂಟು ಬಿಚ್ಚಿದಳು. ತಂದಿದ್ದ ಸೀರೆಯನ್ನೆಲ್ಲ ಒಂದಕ್ಕೊಂದು ಸೇರಿಸಿ ಹೊಲಿದರೂ ಬಂಡೆವ್ವನಿಗೆ ಸಾಲಲಿಲ್ಲ. ಕೊನೆಗೆ ಹೊಳೆಯ ದಡದ ಕೇದಗೆಯನ್ನೆಲ್ಲ ಕೊಯ್ದು ಸೆರಗು ಮಾಡಿದಳು. ಬಾಸಿಂಗಕ್ಕೆ ಮಿನುಗುವ ಬೇಗಡೆ ಅಂಟಿಸಿದಳು, ಕೆನ್ನೆಗೆ ಅರಿಸಿನ ಹಚ್ಚಿದಳು, ಒನಕೆಯಂಥ ಹಲ್ಲಿನ ಮೇಲೆ ಒಂದೊಂದು ಮಲ್ಲಿಗೆ ಮೊಗ್ಗು ಸಿಕ್ಕಿಸಿದಳು. ಆಮೇಲೆ ಹಾಡು ಹೇಳಿದಳು. ಬಂಡೆವ್ವ ಉಸಿರು ಬಿಗಿಹಿಡಿದು ತಲೆ ತಗ್ಗಿಸಿ ಕೂತಳು.

ತಗಡನ್ನು ನೋಡಿಕೊಂಡು ಬಂಡೆವ್ವ ಅತ್ತಳು. ಹೊಳೆ ಒಂದು ಮೊಳ ಏರಿತು. "ನೀನು ದಾಟಲಾರೆ ಮಗಳೇ, ನೀರು ಹೆಚ್ಚಾಗಿದೆ," ಎಂದು ಅವಳನ್ನು ಪೆಟ್ಟಿಗೆ ಸಮೇತ ಎತ್ತಿ ಆಚೆ ದಡಕ್ಕಿಟ್ಟಳು.

ಹೋಗ್ತಾ ಹೋಗ್ತಾ ಒಂದು ಕಣಿವೆ ಬಂತು. ಕಣಿವೆಯ ಬಾಯಲ್ಲಿ ಮಾತಾಡುವ ಹುಲಿಯೊಂದು ಮಲಗಿತ್ತು. ಕಾರ್ಗಣ್ಣಿ ಅದನ್ನು ಕಾವಲಿಗೆ ಹಾಕಿ ಎಷ್ಟೋ ಕಾಲವಾಗಿತ್ತು. ಈಗ ಅದಕ್ಕೆ ಹಲ್ಲಿರಲಿಲ್ಲ, ಪಟ್ಟೆ ಮಾಸಿತ್ತು, ಒಂದು ಮೊಲ ಅದರ ಬೆನ್ನ ಮೇಲೆ ಕೂತು ಗರಿಕೆ ಮೆಲ್ಲುತ್ತಿತ್ತು.

"ಹುಲಿಯಪ್ಪ, ದಾರಿ ಬಿಡು. ನಿನ್ನನ್ನು ಚೆಂದದ ರಾಜಕುಮಾರ ಮಾಡ್ತೀನಿ," ಅಂದಳು ಸೂಜಿಮಲ್ಲಿ.

"ನನಗ್ಯಾಕೆ ರಾಜಕುಮಾರನ ವೇಷ?" ಹುಲಿಗೆ ಸಿಟ್ಟು ಬಂತು. "ಕತೆಗಳಲ್ಲಿ ಹುಲಿ ಅಂದರೆ ಕೊನೆಗೆ ಚರ್ಮ ಕಳಚಿ ರಾಜಕುಮಾರ ಆಗಲೇಬೇಕೇನು? ನನ್ನನ್ನು ಹುಲಿ ಮಾಡು. ನೋಡಿದವರ ಎದೆ ಝಲ್ ಅನ್ನಬೇಕು."

ಸೂಜಿಮಲ್ಲಿಗೆ ತನ್ನ ತಪ್ಪು ತಿಳಿಯಿತು. ಬಂಡೆವ್ವನನ್ನು ಕೇಳಿದ ಹಾಗೆ ಇವನನ್ನು ಕೇಳಲಿಲ್ಲವಲ್ಲ ಅಂದುಕೊಂಡಳು. ಮಸಿಯಿಂದ ಪಟ್ಟೆ ಎಳೆದಳು, ಅರದಾಳದಿಂದ ಮೈಗೆ ಹೊನ್ನಿನ ಬಣ್ಣ ಕೊಟ್ಟಳು, ಬಿಳಿ ಬೆಂಡಿನಲ್ಲಿ ಕೋರೆ ಕೆತ್ತಿ ಕೂರಿಸಿದಳು, ಮೊಲವನ್ನು ಮೆಲ್ಲಗೆ ಕೆಳಗಿಳಿಸಿದಳು. ಹಾಡು ಮುಗಿದು ತಗಡು ಹೊರತೆಗೆದಾಗ ಆ ಹುಲಿಯ ಬಿಂಬ ನೋಡಿ ಮೊಲ ಪೊದೆಯೊಳಗೆ ಓಡಿತು.

ಹುಲಿಗೆ ತುಂಬ ಸಂತೋಷವಾಯಿತು. "ಗುಹೆ ಅಲ್ಲಿದೆ ತಾಯಿ," ಎಂದು ದಾರಿ ತೋರಿಸಿತು. "ಜೋಪಾನ. ನಾನು ಇಷ್ಟು ಕಾಲ ಅವಳ ಬಾಗಿಲು ಕಾದೆ. ಒಂದು ದಿನವೂ ತಲೆಯೆತ್ತಿ ಅವಳ ಮುಖ ನೋಡಿಲ್ಲ."

ಕಲ್ಲುಗುಡ್ಡದ ತುಂಬ ಕಲ್ಲಿನ ಸೈನಿಕರು ನಿಂತಿದ್ದರು. ಗುಹೆಯ ಬಾಗಿಲ ಹತ್ತಿರ ಒಬ್ಬ ಹೆಂಗಸೂ ಕಲ್ಲಾಗಿ ನಿಂತಿದ್ದಳು. ಅವಳ ಮೇಲೆ ಪಾಚಿ ಬೆಳೆದಿತ್ತು, ಕೈ ಮುಂದಕ್ಕೆ ಚಾಚಿತ್ತು.

ಗುಹೆಯೊಳಗೆ ಕಾರ್ಗಣ್ಣಿ ಕೂತಿದ್ದಳು. ಅವಳ ಕೈ ಒರಟು, ಕೂದಲು ನರೆ, ದನಿ ಬೀಸುಕಲ್ಲಿನಂತೆ. ಮುಖ ಮಾತ್ರ ಕನಕಲತೆಯದು.

"ನೀನೇ ಬಂದೆ, ಒಳ್ಳೇದಾಯಿತು," ಅಂದಳು ಕಾರ್ಗಣ್ಣಿ. "ನಾನೇ ಕರೆಸುವವಳಿದ್ದೆ. ಊರಿನವರೆಲ್ಲ ನಿನ್ನ ಪೆಟ್ಟಿಗೆಯ ಮುಂದೆ ಕೂರುವುದನ್ನು ನನ್ನ ನೀರಿನ ಬಟ್ಟಲಲ್ಲಿ ನೋಡುತ್ತಿದ್ದೆ. ನನಗೂ ಒಂದು ಬಿಂಬ ಬೇಕು. ನನ್ನ ಮುಖ ಯಾರೂ ನೋಡುವ ಹಾಗಿಲ್ಲ, ಅದಕ್ಕೆ ಎಲ್ಲರೂ ಆಸೆಪಟ್ಟು ನೋಡುವ ಮುಖ ತಂದಿದ್ದೇನೆ. ತೆಗೆ."

ಸೂಜಿಮಲ್ಲಿ ಪೆಟ್ಟಿಗೆ ಇಟ್ಟಳು, ಹಾಡು ಹೇಳಿದಳು. ತಗಡು ಹೊರತೆಗೆದರೆ ಅದರ ಮೇಲೆ ಖಾಲಿ ಪೀಠವೊಂದೇ ಇತ್ತು.

"ಕದ್ದ ಮುಖವನ್ನು ಈ ಪೆಟ್ಟಿಗೆ ಹಿಡಿಯುವುದಿಲ್ಲ ಅಮ್ಮಾ."

ಕಾರ್ಗಣ್ಣಿ ಸಿಟ್ಟಿನಿಂದ ಎದ್ದಳು. ಗುಹೆಯ ಮಾಡಿನಿಂದ ಮಣ್ಣು ಉದುರಿತು. "ಹಾಗಾದರೆ ನನ್ನದನ್ನೇ ನೋಡು. ನೋಡಿ ಕಲ್ಲಾಗು," ಎಂದು ಕನಕಲತೆಯ ಬಿಂಬವನ್ನು ಕಳಚಿ ಗೋಡೆಯ ಗೂಟಕ್ಕೆ ನೇತುಹಾಕಿ, ಸೂಜಿಮಲ್ಲಿಯ ಕಡೆ ತಿರುಗಿದಳು.

ಸೂಜಿಮಲ್ಲಿಗೆ ಕಣ್ಣು ಮುಚ್ಚಬೇಕೆನ್ನಿಸಿತು. ಆದರೆ ಪಕ್ಕದಲ್ಲೇ ಬಣ್ಣದ ಚೀಲವಿತ್ತು, ಎದುರಿಗೆ ಮುಖವಿತ್ತು. ಮುಖ ಕಂಡ ಕೂಡಲೇ ಅವಳ ಕಣ್ಣು ತನ್ನ ಎಂದಿನ ಕೆಲಸಕ್ಕೆ ಇಳಿದುಬಿಟ್ಟಿತು. ಕಾರ್ಮೋಡದ ಬಣ್ಣ, ಇದಕ್ಕೆ ಬಿಳಿ ಬೇಡ, ಇಂಗಳೀಕದ ಕೆಂಪು ಸಾಕು. ಹುಬ್ಬು ಒಂದಕ್ಕೊಂದು ಕೂಡಿದೆ, ಹಾಗೇ ಇರಲಿ. ಈ ಕಣ್ಣಿನ ಕಾಡಿಗೆಯನ್ನು ಕಿವಿಯವರೆಗೂ ಎಳೆಯಬಹುದು.

"ಗದ್ದ ಸ್ವಲ್ಪ ಎತ್ತಿ ಅಮ್ಮಾ," ಅಂದಳು.

ಕಲ್ಲಾಗಬೇಕಿತ್ತಲ್ಲ ಎಂದು ಅವಳಿಗೆ ನೆನಪಾಗುವ ಹೊತ್ತಿಗೆ ಒಂದು ಕೆನ್ನೆ ಮುಗಿದಿತ್ತು.

ಕಾರ್ಗಣ್ಣಿ ಗದ್ದ ಎತ್ತಿದವಳು ಹಾಗೇ ಕೂತಳು. ಎಷ್ಟೋ ವರ್ಷಗಳಿಂದ ಅವಳ ಮುಖವನ್ನು ಯಾರೂ ಮುಟ್ಟಿರಲಿಲ್ಲ. "ನೀನ್ಯಾಕೆ ಕಲ್ಲಾಗಲಿಲ್ಲ?" ಎಂದು ಪಿಸುಮಾತಿನಲ್ಲಿ ಕೇಳಿದಳು.

"ಗೊತ್ತಿಲ್ಲ. ಅಲ್ಲಾಡಬೇಡಿ, ಕಾಡಿಗೆ ಅಳಿಸುತ್ತೆ."

ಕಾಡಿಗೆ ಒಣಗುತ್ತಿರುವಾಗ ಕಾರ್ಗಣ್ಣಿ ತಾನಾಗಿಯೇ ಹೇಳಿದಳು. ಹುಡುಗಿಯಾಗಿದ್ದಾಗ ಒಬ್ಬ ಮಾಂತ್ರಿಕನ ಹತ್ತಿರ ವಿದ್ಯೆ ಕಲಿತಳಂತೆ. ಗುರುವನ್ನೇ ಮೀರಿಸಿದಳು. ಅವನು ಹೊಟ್ಟೆಕಿಚ್ಚಿನಿಂದ, ನಿನ್ನ ಮುಖವನ್ನು ಹೆದರಿ ನೋಡಿದವರು ಕಲ್ಲಾಗಲಿ ಎಂದು ಶಾಪ ಕೊಟ್ಟ.

"ನಾನು ಮನೆಗೆ ಬಂದು ಬಾಗಿಲಲ್ಲಿ ನಿಂತು ಅತ್ತೆ. ಮಗಳಿಗೆ ಏನಾಯಿತೋ ಎಂದು ನಮ್ಮಮ್ಮ ಹೆದರಿಕೊಂಡು ಓಡಿಬಂದಳು. ಆ ಹೆದರಿಕೆ ನನ್ನ ಮೇಲಲ್ಲ, ನನಗಾಗಿ. ಶಾಪಕ್ಕೆ ಅದೆಲ್ಲ ತಿಳಿಯಲಿಲ್ಲ. ಅವಳನ್ನು ಹೊತ್ತುಕೊಂಡೇ ಈ ಗುಡ್ಡಕ್ಕೆ ಬಂದೆ. ಗುಹೆಯ ಬಾಗಿಲ ಹೊರಗೆ ನೋಡಿದೆಯಲ್ಲ, ಅವಳೇ."

ಸೂಜಿಮಲ್ಲಿ ಅವಳ ತಲೆಗೂದಲ ಸಿಕ್ಕನ್ನು ಒಂದೊಂದೇ ಎಳೆ ನಿಧಾನವಾಗಿ ಬಿಡಿಸಿದಳು.

"ರಾಜಕುಮಾರಿ ಮಾಡು," ಅಂದಳು ಕಾರ್ಗಣ್ಣಿ.

"ಮಾಡುತ್ತೇನೆ, ಬೇಕೆಂದರೆ. ಆದರೆ ಈ ಮುಖಕ್ಕೆ ಒಪ್ಪುವುದು ಮಾಯಾವಿಯ ವೇಷ. ನಮ್ಮಪ್ಪ ಒಳ್ಳೆ ರೇಷ್ಮೆಯನ್ನೆಲ್ಲ ಮಾಯಾವಿಗೇ ಎತ್ತಿಡುತ್ತಿದ್ದ. ಮಾಯಾವಿ ರಂಗಕ್ಕೆ ಬಂದರೆ ನಿದ್ದೆ ಹೋದ ಕೂಸೂ ಎದ್ದು ಕೂರಬೇಕು ಅನ್ನುತ್ತಿದ್ದ."

ಗಂಟಿನ ತಳದಲ್ಲಿ ಒಂದು ಕಪ್ಪು ರೇಷ್ಮೆ ಉಳಿದಿತ್ತು. ಅದರ ಮೈತುಂಬ ಜರಿಯ ಮಿಂಚು. ಅದನ್ನು ಉಡಿಸಿದಳು, ನವಿಲುಗರಿಯ ಕಿರೀಟ ಇಟ್ಟಳು, ಹೆಗಲಿಗೆ ಭುಜಕೀರ್ತಿ ಕಟ್ಟಿದಳು. ಪೆಟ್ಟಿಗೆಯ ಹಿಂದೆ ನಿಂತು ಹಾಡು ಶುರುಮಾಡಿದಳು.

ಆಗ ಗೂಟದ ಮೇಲಿದ್ದ ಬಿಂಬ ಮಾತಾಡಿತು. "ಮಲ್ಲಕ್ಕ, ನನ್ನನ್ನು ಎತ್ತಿಕೊಂಡು ಓಡು. ಅವಳು ಈಗ ಅಲ್ಲಾಡುವುದಿಲ್ಲ. ಇಂಥ ಹೊತ್ತು ಮತ್ತೆ ಸಿಗುವುದಿಲ್ಲ."

ಅದು ನಿಜವಾಗಿತ್ತು. ಗೂಟ ಕೈಗೆಟಕುವಷ್ಟು ಹತ್ತಿರವಿತ್ತು, ಗುಹೆಯ ಬಾಗಿಲು ತೆರೆದಿತ್ತು. ಸೂಜಿಮಲ್ಲಿ ಬಿಂಬವನ್ನು ನೋಡಿದಳು. ನಗುವುದನ್ನೂ ಮರೆತು ಕೂತಿದ್ದ ಹುಡುಗಿ ಕಣ್ಣಮುಂದೆ ಬಂದಳು. ಎದುರಿಗೆ ಕಾರ್ಗಣ್ಣಿ ರೆಪ್ಪೆಯನ್ನೂ ಮಿಟುಕಿಸದೆ, ಮೊದಲ ಸಲ ಹೂ ಮುಡಿದ ಹುಡುಗಿಯಂತೆ ಕೂತಿದ್ದಳು. ಸೂಜಿಮಲ್ಲಿ ಹಾಡನ್ನು ನಡುವೆ ಬಿಡಲಿಲ್ಲ. ಕೊನೆಯ ಸಾಲಿನವರೆಗೂ ಹಾಡಿ ತಗಡು ಹೊರತೆಗೆದು ಕಾರ್ಗಣ್ಣಿಯ ಕೈಗಿಟ್ಟಳು.

ಕಾರ್ಗಣ್ಣಿ ಮೊದಲು ಕಣ್ಣು ಮುಚ್ಚಿಕೊಂಡಳು. ತನ್ನ ಮುಖವನ್ನು ಕಂಡರೆ ಅವಳಿಗೂ ಭಯವಿತ್ತು.

"ನಾನು ನೋಡಿದೆನಲ್ಲ ಅಮ್ಮಾ, ಏನೂ ಆಗಲಿಲ್ಲ," ಅಂದಳು ಸೂಜಿಮಲ್ಲಿ.

ಕಾರ್ಗಣ್ಣಿ ಕಣ್ಣು ಬಿಟ್ಟಳು. ತಗಡಿನೊಳಗಿಂದ ಒಬ್ಬಳು ಮಾಯಾವಿ ನೋಡುತ್ತಿದ್ದಳು, ಮಳೆ ಸುರಿಸಲು ಬಂದ ಮೋಡದಷ್ಟು ಗಂಭೀರವಾಗಿ. ಅವಳು ಆ ಮುಖವನ್ನು ನೋಡಿದಳು, ಇನ್ನೂ ನೋಡಿದಳು. ನೋಡ್ತಾ ನೋಡ್ತಾ ಅವಳ ಹೆದರಿಕೆ ಹೋಯಿತು. ಶಾಪ ನಿಂತದ್ದೇ ಆ ಹೆದರಿಕೆಯ ಮೇಲೆ. ಅದು ಗುಹೆಯ ಮೂಲೆಯಲ್ಲಿ ಒಣ ಎಲೆ ಮುರಿದ ಹಾಗೆ ಸದ್ದು ಮಾಡಿ ಮುರಿದುಬಿತ್ತು.

ಹೊರಗೆ ಸೈನಿಕರು ಮೈಮುರಿದರು. ಕುದುರೆಗಳು ಕೆನೆದವು. ಪಾಚಿ ಕೊಡವಿಕೊಂಡು ಒಬ್ಬ ಹೆಂಗಸು ಗುಹೆಯ ಬಾಗಿಲಿಗೆ ಬಂದಳು. ಕಲ್ಲಾದವರಿಗೆ ವಯಸ್ಸಾಗುವುದಿಲ್ಲ. ತಾಯಿ ಈಗ ಮಗಳಿಗಿಂತ ಚಿಕ್ಕವಳು. ಆದರೂ ನರೆಗೂದಲ ಮುದುಕಿಯನ್ನು ಕಂಡಕೂಡಲೇ ಗುರುತು ಹಿಡಿದಳು.

"ಯಾಕೆ ಅಳ್ತಿದ್ದೆ ಕೂಸೇ?" ಎಂದು ಕೇಳಿದಳು. ಕೇಳಬೇಕೆಂದು ಅಂದು ಓಡಿಬಂದಿದ್ದ ಮಾತು ಅದೇ.

ಕಾರ್ಗಣ್ಣಿ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಕಾಡಿಗೆಯೆಲ್ಲ ಅಳಿಸಿಹೋಯಿತು. ಸೂಜಿಮಲ್ಲಿ ಈ ಸಲ ಅವಳನ್ನು ತಡೆಯಲಿಲ್ಲ.

ಎಲ್ಲರೂ ಮಿಣುಗುದುರ್ಗಕ್ಕೆ ಬಂದರು. ಕಾರ್ಗಣ್ಣಿಯೇ ತನ್ನ ಕೈಯಾರೆ ಬಿಂಬವನ್ನು ಕನ್ನಡಿಯಲ್ಲಿಟ್ಟಳು. ಕನಕಲತೆ ಕನ್ನಡಿ ನೋಡಿದಳು, ತಿರುಗಿದಳು. "ಮಲ್ಲಕ್ಕ, ಇದೇನು ಇಷ್ಟು ಸೊರಗಿದ್ದೀಯ?" ಅಂದಳು. ಸೂಜಿಮಲ್ಲಿ ಅವಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಆಮೇಲೆ ಕಾರ್ಗಣ್ಣಿಯನ್ನು ಆಸ್ಥಾನದಲ್ಲಿ ನಿಲ್ಲಿಸಿದರು. "ನಿನ್ನ ಮುಖ ಕದ್ದೆ ಮಗಳೇ, ತಪ್ಪಾಯಿತು," ಎಂದು ಅವಳು ಕನಕಲತೆಗೆ ಕೈಮುಗಿದಳು. ದೊರೆ ಮಲ್ಲಭೂಪ ಸಿಂಹಾಸನದ ಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದ. ಶಾಪ ಹೋಗಿದೆ ಎಂದು ಎಷ್ಟು ಹೇಳಿದರೂ ಅವನಿಗೆ ಧೈರ್ಯ ಬಂದಿರಲಿಲ್ಲ.

"ಇವಳಿಗೆ ಗಡೀಪಾರು..." ಎಂದು ಶುರುಮಾಡಿದ.

"ಅಪ್ಪಾಜಿ," ಅಂದಳು ಕನಕಲತೆ, "ಅವರನ್ನು ನೋಡಿ ಹೇಳಿ."

ದೊರೆ ಒಂದು ಕಣ್ಣು ಬಿಟ್ಟ. ಆಮೇಲೆ ಇನ್ನೊಂದು. ಎದುರಿಗೆ ಒಬ್ಬ ಮುದುಕಿ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ಅಳಿಸಿದ ಕಾಡಿಗೆ. ಪಕ್ಕದಲ್ಲಿ ಅವಳ ಕೈಹಿಡಿದು ನಿಂತ, ಅವಳಿಗಿಂತ ಚಿಕ್ಕ ವಯಸ್ಸಿನ ತಾಯಿ. ದೊರೆ ತಾಯಿಯ ಮುಖ ನೋಡಿದ, ಮಗಳ ಮುಖ ನೋಡಿದ.

"ಶಿಕ್ಷೆ ಆಗಿಹೋಗಿದೆ," ಅಂದ ಕೊನೆಗೆ. "ಇನ್ನು ನಾನು ಕೊಡುವುದೇನೂ ಉಳಿದಿಲ್ಲ. ಇವರಿಬ್ಬರಿಗೂ ನಮ್ಮ ಊರಲ್ಲೇ ಒಂದು ಮನೆ ಕೊಡಿ."

ಆಮೇಲೆ ಆ ರಾಜ್ಯದಲ್ಲಿ ಯಾರ ಮುಖವೂ ಕಳುವಾಗಲಿಲ್ಲ, ಯಾರ ಮುಖ ಕಂಡೂ ಯಾರೂ ಕಲ್ಲಾಗಲಿಲ್ಲ. ತಾಯಿ ಮಗಳು ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಬಾಳಿದರು, ಕನಕಲತೆ ರಾಜ್ಯವಾಳಿದಳು, ಸೂಜಿಮಲ್ಲಿ ಬಂದವರಿಗೆಲ್ಲ ವೇಷ ಕಟ್ಟಿದಳು. ಅವರ ಮನೆಗಳ ದೀಪ ತಣ್ಣಗೆ ಉರಿಯಿತು. ಈ ಕತೆ ಹೇಳಿದವರ ಮನೆಯ ದೀಪ, ಕೇಳಿದವರ ಮನೆಯ ದೀಪವೂ ಹಾಗೇ ಉರಿಯಲಿ.