ಕಾಕಾ ತಂದ ಸ್ಪೀಕರ್

"ಇಷ್ಟ ಏನ? ಇಡೀ ಓಣಿ ನಡಗಸ್ತೈತಿ ಅಂದಿದ್ದೆಲ್ಲ!"

ಗೆಳತಿ ಸಿಮ್ರಾನಳ ಮಾತಿಗೆ ನೀಲಾಳ ಮುಖ ಸಣ್ಣದಾಯಿತು. ಕಾಕಾ ಹುಬ್ಬಳ್ಳಿಯಿಂದ ಭಾರೀ ಸ್ಪೀಕರ್ ತರುತ್ತಾನೆಂದು ಅವಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ನೋಡಿದರೆ ಮೊಣಕಾಲೆತ್ತರದ ಎರಡು ಕಟ್ಟಿಗೆ ಪೆಟ್ಟಿಗೆಗಳು. ಬಣ್ಣದ ಲೈಟೂ ಇಲ್ಲ, ಎದೆ ಗುದ್ದುವ ಬೇಸೂ ಇಲ್ಲ.

"ಈ ಎರಡ ಡಬ್ಬಿ ರೊಕ್ಕಕ್ಕ ಒಂದ ಎಮ್ಮಿ ಬರ್ತಿತ್ತು," ಎಂದು ಅಜ್ಜಿ ಸಣ್ಣವ್ವ ಅಡುಗೆಮನೆಯಿಂದಲೇ ಗೊಣಗಿದಳು.

"ಖರೇನ ಕಾಕಾ? ಯಾಕಷ್ಟ ತುಟ್ಟಿ?" ನೀಲಾ ಅಳುಮೋರೆ ಮಾಡಿ ಕೇಳಿದಳು.

ದ್ಯಾಮೇಶ ಕಾಕಾ ಪೆಟ್ಟಿಗೆಯನ್ನು ಬೆರಳಿನಿಂದ ಬಡಿದ. ಟಕ್ ಎಂದಿತು, ಗುಂಯ್ ಎನ್ನಲಿಲ್ಲ.

"ಡಬ್ಬಿ ನಡುಗಿದ್ರ ಹಾಡಿನಾಗ ಅದರ ದನಿನೂ ಕೂಡತೈತಿ. ಅದಕ್ಕ ದಪ್ಪ ಕಟ್ಟಿಗಿ, ಒಳಗ ಚಲೋ ಮ್ಯಾಗ್ನೆಟ್. ಮಾಡಿದ ಮ್ಯಾಲೆ ಮಾಡಿದವರ ಕುಂತು ಕೇಳ್ತಾರ. ಸರಿ ಅನಸಲಿಲ್ಲ ಅಂದ್ರ ಬಿಚ್ಚಿ ಮತ್ತ ಕೂಡಸ್ತಾರ. ಇದು ಒದರಾಕ ಮಾಡಿದ್ದಲ್ಲವ್ವಾ, ಇದ್ದದ್ದನ್ನ ಇದ್ದಂಗ ಕೇಳಸಾಕ."

ಆಮೇಲೆ ಅವನು ಅಜ್ಜನ ಭಜನೆ ಹಚ್ಚಿದ. ಅಜ್ಜ ಹೇಮಪ್ಪ ನೀಲಾ ಹುಟ್ಟುವ ಮೊದಲೇ ತೀರಿಕೊಂಡಿದ್ದ. ಇದೇ ಪಡಸಾಲೆಯಲ್ಲಿ ಅವನು ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟಿದ್ದರು. ಕಾಕಾ ಅದನ್ನು ಮೊಬೈಲಿಗೆ ಹಾಕಿಸಿಕೊಂಡಿದ್ದ. ಮೊಬೈಲಿನಲ್ಲಿ ಕೇಳಿದರೆ ಬರೀ ತಾಳದ ಗದ್ದಲ.

ಈಗ ಹಾಗಲ್ಲ. ಅಜ್ಜ ಉಸಿರೆಳೆದುಕೊಂಡದ್ದು ಕೇಳಿತು. ಏಕತಾರಿಯ ತಂತಿ ನಡುಗಿದ್ದು ಕೇಳಿತು. ಒಂದು ನುಡಿ ಮುಗಿದಾಗ ಹಿಂದೆಲ್ಲೋ ಬಳೆಗಳ ಸದ್ದು. ಅದರ ಬೆನ್ನಿಗೇ ಒಂದು ಎಳೆಯ ದನಿ:

"ಚಾ ಆರಾಕತ್ತೈತ್ರಿ. ಕುಡದು ಹಾಡ್ರಿ."

ಕಾಕಾನೇ ಬೆಚ್ಚಿದ. "ಇದ್ಯಾರ ದನಿ? ಎಂದೂ ಕೇಳೇ ಇಲ್ಲ!"

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಕೈತುಂಬ ರೊಟ್ಟಿಯ ಹಿಟ್ಟು.

"ನಂದ," ಎಂದಳು. "ತಡಿ. ಈಗ ನಗ್ತಾರ ನೋಡ ನಿಮ್ಮಪ್ಪ."

ಸ್ಪೀಕರಿನಲ್ಲಿ ಅಜ್ಜ ಮೆಲ್ಲಗೆ ನಕ್ಕ. ಚಹಾದ ಕಪ್ಪು ಬಸಿಗೆ ತಾಗಿ ಕಿಣಿ ಎಂದಿತು.

ಅಜ್ಜಿ ಹಿಟ್ಟಿನ ಕೈ ಹಾಗೆಯೇ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತಳು. ಇಷ್ಟು ಸಣ್ಣ ದನಿಯಲ್ಲಿ ಅಜ್ಜಿ ಮಾತಾಡಿದ್ದನ್ನು ನೀಲಾ ಎಂದೂ ಕೇಳಿರಲಿಲ್ಲ.

"ಇನ್ನೊಮ್ಮಿ ಹಚ್ಚಪಾ," ಎಂದಳು ಅಜ್ಜಿ.

"ಕಾಕಾ, ಜೋರ್ ಮಾಡ್ರಿ!" ಎಂದಳು ಸಿಮ್ರಾನ.

ನೀಲಾ ಬೇಡವೆಂದು ತಲೆಯಾಡಿಸಿದಳು. ಎದ್ದು ಹೋಗಿ ಫ್ಯಾನ್ ಬಂದ್ ಮಾಡಿ, ಅಜ್ಜಿಯ ಪಕ್ಕ ಬಂದು ಕುಳಿತಳು.