ವಂದನೆಯ ನಂತರದ ಸಾಲು

“ನಮ್ಮ ತಾತ ನಕಲಾ?”

ಜಿಪಾರ್ ಕೇಳಿದ್ದು ಯಾರನ್ನೂ ಅಲ್ಲ. ಬಿಷ್ಕೆಕ್‌ನ ಆ ಕಾವ್ಯಭಂಡಾರದಲ್ಲಿ ಅವಳೊಬ್ಬಳೇ ಇದ್ದಳು. ಪರದೆಯ ಮೇಲೆ ತಾತನ ಹೆಸರಿನ ಪಕ್ಕ ಕೆಂಪಕ್ಷರ: ನಕಲು, ಐದು ಗಂಟೆಗೆ ಅಳಿಸಲಾಗುವುದು. ತಾತ ಹಾಡಿದ ಕಾವ್ಯದ ಟೇಪುಗಳು ಎಂದೋ ತೇವ ಹಿಡಿದು ಹಾಳಾಗಿದ್ದವು. ಉಳಿದದ್ದು ಡೇಟಾಬೇಸಿನ ಈ ಪಠ್ಯವೊಂದೇ.

ಚಹಾ ಹಿಡಿದು ಬಂದ ಎರ್ಮೆಕ್ ಬಾಗಿಲಲ್ಲೇ ನಿಂತ. ಡೇಟಾಬೇಸ್ ಕಟ್ಟಿದವನು ಅವನೇ. ಚಳಿಗಾಲವಿಡೀ ಅವಳೆದುರು ಕೂತು, ಪರದೆಗಿಂತ ಹೆಚ್ಚು ಅವಳನ್ನೇ ನೋಡಿದವನು.

“ನಿನ್ನ ಕೆಲಸಾನಾ ಇದು, ಬೈಕೆ?”

ಬೈಕೆ, ಅಂದರೆ ಅಣ್ಣ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವಳು ಅವನನ್ನು ಹಾಗೆ ಕರೆಯುತ್ತಿದ್ದಳು. ಅವನ ಮುಖ ಬಾಡಿತು.

“ನಕಲು ಹುಡುಕೋಕೆ ಅಂತ ಇಡೀ ಕಾವ್ಯಕ್ಕೇ ಇಂಡೆಕ್ಸ್ ಹಾಕೋಕೆ ಹೋದೆ. ಇಷ್ಟುದ್ದ ನನ್ನ ಕೈಲಾಗಲ್ಲ ಅಂತು ಡೇಟಾಬೇಸು. ಅದಕ್ಕೇ ಬರೀ ಮೊದಲಿನ ಸಾಲುಗಳಿಗೆ ಹಾಕಿದೆ. ಎರಡು ಕಾವ್ಯದಲ್ಲಿ ಅವು ಒಂದೇ ಆಗಿದ್ರೆ ನಕಲು ಅಂತ…”

“ಮೊದಲಿನ ಸಾಲು ತಾತನ ಗುರುವಿನದು ಕಣೋ! ಗುರು ಹಾಡಿದ ವಂದನೇನ ಒಂದಕ್ಷರ ಬಿಡದೆ ಹಾಡಿದ ಮೇಲೇ ತಾತ ತನ್ನ ಕಾವ್ಯಕ್ಕೆ ಬಾಯಿ ತೆಗೀತಿದ್ದದ್ದು. ಪೂರ್ತಿ ಕೂತು ಕೇಳಿದ್ರೆ ತಾನೇ ಗೊತ್ತಾಗೋದು ನಿಂಗೆ!”

ಐದಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಎರ್ಮೆಕ್ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುರ್ಚಿಗೆ ಹಾರಿದ. ಅಳಿಸುವ ಆಜ್ಞೆಯನ್ನು ತಡೆದ. ಹಳೆಯ ಇಂಡೆಕ್ಸನ್ನು ಕಿತ್ತುಹಾಕಿದ. ಉಸಿರು ಅವನ ಕಿವಿಗೆ ತಾಗುವಷ್ಟು ಹತ್ತಿರ ಅವಳು ಬಾಗಿ ನಿಂತಿದ್ದಳು.

“ಈಗೇನ್ ಮಾಡ್ತಿದೀಯ?”

“ಇಡೀ ಕಾವ್ಯದಿಂದ ಬೆರಳಚ್ಚಿನ ಥರ ಒಂದು ಚಿಕ್ಕ ಗುರುತು ತೆಗೀತೀನಿ. ಇಂಡೆಕ್ಸ್ ಆ ಗುರುತಿಗೆ. ಎರಡು ಗುರುತು ಒಂದೇ ಆದ್ರೂ, ಪೂರ್ತಿ ಪಠ್ಯ ಹೋಲಿಸಿ ನೋಡದೆ ನಕಲು ಅನ್ನಲ್ಲ.”

“ಮತ್ತೆ ತಪ್ಪಿದ್ರೆ?”

“ಬೆದರಿಸಬೇಡ ಕಣೇ! ನಿನ್ನ ಕಣ್ಣಲ್ಲಿ ನೀರು ತರಿಸಿ ನಾನೆಲ್ಲಿಗೆ ಹೋಗ್ಲಿ? ನಿನ್ನನ್ನ ಇಷ್ಟು ಪ್ರೀತಿಸ್ತೀನಿ, ನಾನೇ ನಿನ್ನ ತಾತನ್ನ ಅಳಿಸಿ…”

ಅವನ ಕಿವಿ ಕೆಂಪಗಾಯಿತು. ಅವನು ಸರ್ರನೆ ಕೊನೆಯ ಆಜ್ಞೆ ಒತ್ತಿದ.

ಪರದೆಯ ಕೆಂಪಕ್ಷರ ಮಾಯವಾಯಿತು. ಜಿಪಾರ್ ಅವನ ಭುಜದ ಮೇಲಿಂದ ಕೈಚಾಚಿ ಪಠ್ಯವನ್ನು ಸರಿಸುತ್ತ ಹೋದಳು. ವಂದನೆ ಮುಗಿದು ತಾತನ ಸ್ವಂತ ಸಾಲು ಬಂತು: ನರಿನ್ ನದಿ, ಹಿಮ, ದಾರಿ ತಪ್ಪಿದ ಕುದುರೆ. ಅವಳು ಕಣ್ಮುಚ್ಚಿ, ತುಟಿಯಲ್ಲೇ ಅದನ್ನು ಹಾಡಿಕೊಂಡಳು. ಎರ್ಮೆಕ್ ಉಸಿರು ಬಿಗಿಹಿಡಿದು ಕೇಳಿದ.

ಅವಳು ನಿಲ್ಲಿಸಿದ ಮೇಲೆ ಮೆಲ್ಲಗೆ ಬೇಡಿಕೊಂಡ: “ಜಿಪಾರ್, ಗಾಬರೀಲಿ ಏನೋ ಅಂದುಬಿಟ್ಟೆ. ದಯವಿಟ್ಟು ಮರೆತುಬಿಡು.”

ಅವಳು ಅವನ ಭುಜದ ಮೇಲಿದ್ದ ಕೈ ತೆಗೆಯಲಿಲ್ಲ.

“ಆಗಲ್ಲ,” ಎಂದಳು. “ಮರೆಯಲ್ಲ.”